ವೈಟ್ ರಾಕ್ ಕೆರೆಯ ಬಂಗಾರ

ರವಿವಾರ, ಸೆಪ್ಟೆಂಬರ್ 10, 2017. ರಿಚರ್ಡ್‌ಸನ್, ಟೆಕ್ಸಸ್

ಇನ್ನು ಮೇಲೆ ಪ್ರಗತಿ ಜೊತೆ ನಾನು ಕನ್ನಡ ಮಾತಾಡುವುದಿಲ್ಲ. ತೀರಾ ಬೇಕಾದರೆ ಇಂಗ್ಲಿಷು, ಅದೂ ನಾಲ್ಕೇ ಮಾತು: ಯೆಸ್, ನೋ, ಓಕೆ, ಥ್ಯಾಂಕ್ಸ್. ಥ್ಯಾಂಕ್ಸಿಗೆ ಕಾರಣ ಬೀಳುವುದಿಲ್ಲ, ಹಾಗಾಗಿ ಮೂರೇ ಅನ್ನೋಣ.

ನಿನ್ನೆ ಕನ್ನಡ ಸಂಘದ ಗಣೇಶ ಹಬ್ಬ, ಪಕ್ಕದೂರು ಫಾರ್ಮರ್ಸ್ ಬ್ರಾಂಚಿನ ಒಂದು ಹಾಲಿನಲ್ಲಿ. ಪ್ರಗತಿ ಮೈಸೂರಿನವಳು, ನನ್ನ ರೂಮ್‌ಮೇಟು. ಇಬ್ಬರೂ ಓದೋಕೆ ಬಂದು ಇನ್ನೂ ಒಂದು ತಿಂಗಳು. ನನಗೆ ಇನ್ನೂ ಬಸ್ಸಿನ ನಂಬರು ಬಾಯಿಗೆ ಬಂದಿಲ್ಲ, ಅವಳು ಆಗಲೇ ಇಡೀ ಸಂಘಕ್ಕೆ ಬೇಕಾದವಳು. ಹಬ್ಬಕ್ಕೆ ಒಂದು ನಗೆನಾಟಕ ಬರೆದು ಅದರಲ್ಲಿ ತಾನೇ ಪಾರ್ಟು ಹಾಕಿದ್ದಳು. “ಸರ್‌ಪ್ರೈಸ್ ಕಣೇ, ಮುಂದಿನ ಸಾಲಲ್ಲಿ ಕೂತ್ಕೋ” ಅಂದಳು. ಕೂತೆ. ಪರದೆ ಸರಿಯಿತು. ತಲೆ ತುಂಬ ಸೆರಗು ಹೊದ್ದು, ಇಳಕಲ್ ಸೀರೆ ಉಟ್ಟು, ಅಮೆರಿಕಕ್ಕೆ ಬಂದ ಗಂಗವ್ವ ಅಂತ ಬಂದಳು. ಸೀರೆ ನನ್ನದು. ಇಸ್ತ್ರಿ ಮಾಡಿ ಕೊಟ್ಟವಳೂ ನಾನೇ.

ಬಂದವಳೇ ಫೋನು ಕಿವಿಗೆ ಹಚ್ಚಿ ಶುರು ಮಾಡಿದಳು: “ಯವ್ವಾ, ಇಲ್ಲಿ ಬಿಸಲು ನಮ್ಮ ಗದಗಕಿಂತ ಜೋರ್ ಐತಿ. ಓಣಿ ತುಂಬ ಮನಿ ಅದಾವು, ಮಂದೀನ ಇಲ್ಲ. ಬಾಗಲಾ ಬಡದು ಯಾರನ್ನರ ಮಾತಾಡಸೂಣಂದ್ರ ಪೊಲೀಸ್ರು ಬರ್ತಾರಂತ!”

ಇಡೀ ಹಾಲು ಬಿದ್ದು ಬಿದ್ದು ನಕ್ಕಿತು. ಆ ಮಾತು ನನ್ನದು. ಬಂದ ಮೊದಲ ವಾರ ಅವ್ವನಿಗೆ ಫೋನಿನಲ್ಲಿ ಹೇಳಿದ್ದು. ನನ್ನ ಕೋಣೆಯ ಕಾರ್ಪೆಟ್ ಮೇಲೆ ಕೂತು, ಅವ್ವ ಗಾಬರಿಯಾಗಬಾರದು ಅಂತ ನಗೆಚಾಟಿಕೆ ಮಾಡುತ್ತಾ, ದುಪಟ್ಟಾದಲ್ಲಿ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಹೇಳಿದ್ದು. ಅವಳು ಒಂದು ಅಕ್ಷರ ತಪ್ಪದೆ ಹೇಳಿದಳು. ನನ್ನ ಅಳುವನ್ನು ನನ್ನ ಸೀರೆ ಉಟ್ಟುಕೊಂಡೇ ಮಾರಿದಳು.

“ಹೇಗಿತ್ತು?” ಅಂತ ಓಡಿಬಂದು ಕೇಳಿದಳು. “ನೈಸ್” ಅಂದೆ. ಪಾರ್ಕಿಂಗಿನಲ್ಲಿ ಯಾರೋ ಅಂಕಲ್, “ನೀವೂ ಆ ಕಡೆಯವರಂತಲ್ಲ, ಗಂಗವ್ವನ ಥರ ಒಂದು ಡೈಲಾಗ್ ಹೇಳಿ ನೋಡೋಣ” ಅಂದರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಂಗಳವಾರ, ಸೆಪ್ಟೆಂಬರ್ 12

“ಊಟ ಆಯ್ತಾ?” ಅಂದಳು. “ಯೆಸ್” ಅಂದೆ. ಆಗಿರಲಿಲ್ಲ. ಅವಳು ಮಲಗುವವರೆಗೆ ಕಾದು ಬ್ರೆಡ್ ತಿಂದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಿಟ್ಟಿಳಿದ ಮೇಲೆ ತಿರುಗಿ ಬರುತ್ತದೇನು ಅಂತ ಅವ್ವ ಬೈಯುತ್ತಾಳೆ. ಅವ್ವನಿಗೆ ಈ ವಿಷಯ ಹೇಳಿಲ್ಲ.

ಅವ್ವನ ಫೋನು ಬಂದರೆ ಈಗ ಕೆಳಗೆ ಕಾರು ನಿಲ್ಲಿಸುವ ಜಾಗಕ್ಕೆ ಹೋಗುತ್ತೇನೆ. ಅಲ್ಲಿ ಕೇಳುವವರು ಅಳಿಲು ಮಾತ್ರ. ಅವು ನಾಟಕ ಬರೆಯುವುದಿಲ್ಲ.

ಶುಕ್ರವಾರ, ಸೆಪ್ಟೆಂಬರ್ 15

ಸೀರೆಯನ್ನು ಡ್ರೈಕ್ಲೀನ್ ಮಾಡಿಸಿ, ಪ್ಲಾಸ್ಟಿಕ್ ಕವರಿನ ಸಮೇತ ನನ್ನ ಬಾಗಿಲ ಹಿಡಿಕೆಗೆ ನೇತುಹಾಕಿದ್ದಾಳೆ. ದೊಡ್ಡಸ್ತಿಕೆ. ಕುಕ್ಕರನ್ನೂ ಎರಡು ದಿನದಿಂದ ಫಳಫಳ ಅನ್ನುವಂತೆ ತೊಳೆದಿಡುತ್ತಾಳೆ. ಇದನ್ನೆಲ್ಲ ತೋರಿಸಿ ಯಾರನ್ನು ಒಲಿಸಿಕೊಳ್ಳಬೇಕೋ.

ಅವಳಿಗೆ ಕೆಮ್ಮು. ಈ ಊರಿನ ಗಾಳಿಯಲ್ಲಿ ಏನೋ ಹೂವಿನ ಪುಡಿ ಹಾರುತ್ತದಂತೆ, ಎಲ್ಲರಿಗೂ ಹೀಗೇ. ಕೆಮ್ಮಲಿ, ನನಗೇನು. ಬೆಳಗ್ಗೆಯಿಂದ ಹದಿನೈದು ಇಪ್ಪತ್ತು ಸಲವಾದರೂ ಕೆಮ್ಮಿರಬೇಕು. ಅಂಗಡಿಯಿಂದ ಶುಂಠಿ ಸ್ವಲ್ಪ ಹೆಚ್ಚಿಗೇ ತಂದು ಫ್ರಿಜ್ಜಿನಲ್ಲಿ ಮುಂದುಗಡೆ ಇಟ್ಟಿದ್ದೇನೆ. ನನ್ನ ಚಹಾಕ್ಕೆ.

ರವಿವಾರ, ಸೆಪ್ಟೆಂಬರ್ 17

ಶಶಿಕಾಂತ್ ಅಂಕಲ್ ಬಂದು ಫ್ರಿಸ್ಕೋ ಊರಿನ ತಮ್ಮ ಮನೆಗೆ ಕರೆದುಕೊಂಡು ಹೋದರು. ಅಪ್ಪನ ಗೆಳೆಯರ ತಮ್ಮ, ಹುಬ್ಬಳ್ಳಿಯವರು. ಮನೆ ಎಷ್ಟು ದೊಡ್ಡದೆಂದರೆ ಅಡುಗೆಮನೆಯಿಂದ ಹಾಲಿಗೆ ಫೋನ್ ಮಾಡಬೇಕು. ಅವರ ತಾಯಿ ಸುಮಿತ್ರವ್ವ ಆಯಿ ಬೇಸಿಗೆಯಲ್ಲಿ ಬಂದವರು ಡಿಸೆಂಬರ್‌ವರೆಗೆ ಇರುತ್ತಾರೆ. ನನ್ನ ಎರಡೂ ಕೈ ಹಿಡಿದು ಸೋಫಾದ ಮೇಲೆ ಕೂರಿಸಿಕೊಂಡವರು ಬಿಡಲೇ ಇಲ್ಲ.

ಆದರೆ ಶುರು ಮಾಡಿದ್ದು ಅದೇ ವಿಷಯ! “ತಂಗೀ, ಗಣಪತಿ ಹಬ್ಬದಾಗ ಗಂಗವ್ವನ ಪಾರ್ಟ್ ಮಾಡಿದ ಹುಡುಗಿ ನಿನ್ನ ರೂಮಿನಾಕಿ ಅಂತಲ್ಲ? ಎಷ್ಟ್ ಚಂದ ಮಾಡಿದ್ಳ ಯವ್ವಾ! ನಕ್ಕ ನಕ್ಕ ನನ್ನ ಕಣ್ಣಾಗ ನೀರ್ ಬಂತು.”

“ಅದ್ರಾಗ ಚಂದ ಏನೈತ್ರಿ ಆಯಿ? ನಮ್ಮ ಮಾತಿಗೆ ಮಂದಿ ನಕ್ರು.”

“ನಕ್ರ ನಗಲಿ. ನಮ್ಮ ಮೊಮ್ಮಕ್ಳು ನನ್ನ ಕೂಡ ‘ಯೆಸ್ ಅಜ್ಜಿ, ನೋ ಅಜ್ಜಿ’ ಅಂತಾವು. ಮೂರು ತಿಂಗ್ಳಾದ ಮ್ಯಾಲ ಅವತ್ತ ದೊಡ್ಡ ಹಾಲಿನಾಗ ಮೈಕ್ ಹಚ್ಚಿ ನಮ್ಮ ಮಾತು ಕೇಳಿದ್ನೆವ್ವಾ.”

ದೊಡ್ಡವರ ಜೊತೆ ಏನು ವಾದ. ಅವರ ಅಳುವನ್ನು ಯಾರೂ ಕದ್ದಿಲ್ಲ, ಅವರಿಗೇನು ಗೊತ್ತು.

ಊಟವಾದ ಮೇಲೆ ಆಂಟಿ ಮಹಡಿ ಮೇಲಿನ ಖಾಲಿ ಕೋಣೆಯ ವಿಷಯ ತೆಗೆದರು. ನಾನು ಅಲ್ಲಿಗೆ ಶಿಫ್ಟ್ ಆಗಬಹುದಂತೆ, ತಮ್ಮ ಅತ್ತೆಗೂ ಜೊತೆಯಾಗುತ್ತದೆ ಅಂದರು. ಅಂಕಲ್ ಆಫೀಸಿಗೆ ಹೋಗುವಾಗ ನನ್ನನ್ನು ಕ್ಯಾಂಪಸ್ಸಿಗೆ ಬಿಡುತ್ತಾರೆ. ರೈಲು ಅಲ್ಲಿಯ ತನಕ ಬರುವುದಿಲ್ಲ, ಹಾಗಾಗಿ ಅವರು ಹೋದಾಗ ಹೋಗಬೇಕು, ಬಂದಾಗ ಬರಬೇಕು. ಇನ್ನೂ ಒಬ್ಬರು ಆ ಕೋಣೆ ಕೇಳುತ್ತಿದ್ದಾರೆ, ದಸರಾಕ್ಕೆ ಊಟಕ್ಕೆ ಬಂದಾಗ ಹೇಳಿಬಿಡು ಅಂದರು.

ನಾನು ಅಲ್ಲೇ ಹೂಂ ಅನ್ನಬೇಕಿತ್ತು. ಯೋಚನೆ ಮಾಡಿ ಹೇಳ್ತೀನ್ರಿ ಅಂದು ಬಂದೆ. ಯಾಕೆ ಅಂತ ನನಗೇ ತಿಳಿಯಲಿಲ್ಲ. ಪರೀಕ್ಷೆ ಹತ್ತಿರ ಇದೆ, ಅದಕ್ಕಿರಬೇಕು.

ಗುರುವಾರ, ಸೆಪ್ಟೆಂಬರ್ 21

ಇವತ್ತು ಪ್ರಗತಿಯೂ ಇಂಗ್ಲಿಷಿಗೆ ಇಳಿದಳು. “ಆರ್ ಯೂ ಡನ್ ವಿತ್ ದ ಸ್ಟವ್?” ಅಂತ, ಬ್ಯಾಂಕಿನವರ ಥರ. ಅಂತೂ ನಾನು ಗೆದ್ದೆ. ಗೆದ್ದ ಮೇಲೆ ಯಾಕೋ ಊಟ ಸೇರಲಿಲ್ಲ. ಅಕ್ಕಿ ಹಳೆಯದಿರಬೇಕು.

ಬುಧವಾರ, ಸೆಪ್ಟೆಂಬರ್ 27

ಪರೀಕ್ಷೆ ಮುಗಿಯಿತು. ಸ್ಟ್ಯಾಟಿಸ್ಟಿಕ್ಸು ಪಾಸಾಗುವಷ್ಟು ಬರೆದಿದ್ದೇನೆ.

ಸುಮಿತ್ರವ್ವ ಆಯಿ ಫೋನ್ ಮಾಡಿದ್ದರು. “ಶನಿವಾರ ದಸರಾ ತಂಗೀ. ಹೋಳಗಿ ಮಾಡಾಕತ್ತೀವಿ. ಎಲ್ಲಾ ಐತಿ, ಬನ್ನಿ ಒಂದ ಇಲ್ಲ. ಬನ್ನಿ ಕೊಡದ ದಸರಾ ಎಂಥಾ ದಸರಾನವ್ವಾ?” ಅಂತ ನಿಟ್ಟುಸಿರು ಬಿಟ್ಟರು. ನೋಡ್ತೀನ್ರಿ ಆಯಿ, ಈ ಊರಾಗ ಎಲ್ಲರ ಒಂದು ಗಿಡಾ ಇರಬೇಕು ಅಂದೆ. ಬಾಯಿ ತಪ್ಪಿ ಅಂದದ್ದು. ಇನ್ನು ಹುಡುಕಬೇಕು.

ಕ್ಲಾಸಿನ ತೆಲುಗು ಹುಡುಗಿಯೊಬ್ಬಳು ಇಲ್ಲಿ ನನ್ನ ಜಾಗಕ್ಕೆ ಬರಲು ಒಪ್ಪಿದ್ದಾಳೆ. ಶನಿವಾರ ಸಂಜೆ ಆಂಟಿಗೆ ಹೂಂ ಅನ್ನುವುದು, ರವಿವಾರ ಪ್ರಗತಿಗೆ ಹೇಳುವುದು. ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ. ಎರಡೇ ವಾಕ್ಯ. ಮೂರನೆಯದು ಬೇಕಾಗುವುದಿಲ್ಲ.

ಶನಿವಾರ, ಸೆಪ್ಟೆಂಬರ್ 30. ವೈಟ್ ರಾಕ್ ಕೆರೆ ದಂಡೆ, ಮಧ್ಯಾಹ್ನ

ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಕೆಲಸವಿಲ್ಲದೆ ಹೊರಗೆ ಬಂದಿದ್ದೇನೆ. ಬನ್ನಿ ಹುಡುಕುವುದು ಕೆಲಸವೇ, ಆದರೆ ಅದಕ್ಕೆ ಮಾರ್ಕ್ಸಿಲ್ಲ.

ಬೆಳಗ್ಗೆ ಹೊರಡುವಾಗ ಪ್ರಗತಿ ಸೋಫಾದ ಮೇಲೆ ಸುಮ್ಮನೆ ಕೂತಿದ್ದಳು. ನಿನ್ನೆ ಆಯುಧಪೂಜೆ ಅಂತ ತನ್ನ ಲ್ಯಾಪ್‌ಟಾಪಿಗೆ ಅರಿಸಿನ ಕುಂಕುಮ ಹಚ್ಚಿ, ಮೇಲೆ ಒಂದು ಹಳದಿ ಹೂವಿಟ್ಟು ಟೇಬಲ್ಲಿನ ನಡುವೆ ಕೂರಿಸಿದ್ದಾಳೆ. ಇವತ್ತು ಸಂಜೆಯವರೆಗೆ ಮುಟ್ಟುವುದಿಲ್ಲವಂತೆ. ಸೋಮವಾರ ಅಸೈನ್‌ಮೆಂಟ್ ಕೊಡಬೇಕು, ಆದರೂ ಮುಟ್ಟುವುದಿಲ್ಲ. ಆ ಹಟ ಮಾತ್ರ ಮೆಚ್ಚಬೇಕು. ನನ್ನ ಲ್ಯಾಪ್‌ಟಾಪ್ ಮೇಲೂ ಒಂದು ಹೂವು ಇತ್ತು. ಕೋಣೆಯ ಬಾಗಿಲು ತೆರೆದಿದ್ದಾಗ ಇಟ್ಟಿರಬೇಕು. ತೆಗೆಯೋಣ ಅಂದುಕೊಂಡೆ, ದೇವರ ಹೂವು ಅಂತ ಬಿಟ್ಟೆ.

ಬಸ್ಸು ಹಿಡಿದು ಸಿಟಿಲೈನ್ ಸ್ಟೇಷನ್ನಿಗೆ, ಅಲ್ಲಿಂದ ಕೆಂಪು ಲೈನಿನ ರೈಲು. ಮಾಕಿಂಗ್‌ಬರ್ಡಿನಲ್ಲಿ ಇಳಿದು ನೀಲಿ ಲೈನು ಹಿಡಿಯಬೇಕಿತ್ತು. ಕಣ್ಣ ಮುಂದೆಯೇ ಹೋಯಿತು. ಓಡಿದ್ದರೆ ಸಿಗುತ್ತಿತ್ತು, ಓಡಲಿಲ್ಲ. ಮುಂದಿನದು ಬರುವವರೆಗೆ ಬೆಂಚಿನ ಮೇಲೆ ಕಾಲು ಚಾಚಿ ಕೂತೆ. ಬಂದಾಗಿನಿಂದ ಎಲ್ಲ ಕಡೆ ಓಡಿದ್ದೇ ಆಗಿತ್ತು, ನಿಲ್ಲುವುದು ಇಷ್ಟು ಹಿತ ಅಂತ ಮರೆತೇಹೋಗಿತ್ತು.

ಸ್ಟೇಷನ್ನಿನಿಂದ ಕೆರೆಗೆ ನಡೆದೇ ಬಂದೆ. ಕೆರೆ ನಮ್ಮ ಗದಗಿನ ಭೀಷ್ಮ ಕೆರೆಗಿಂತ ದೊಡ್ಡದು, ನಡುವೆ ಬಸವಣ್ಣನ ಮೂರ್ತಿಯಿಲ್ಲ ಅಷ್ಟೆ. ಸುತ್ತ ಜನ ಓಡುತ್ತಾರೆ, ನಾಯಿ ಓಡಿಸುತ್ತಾರೆ, ನಾಯಿಯೇ ಕೆಲವರನ್ನು ಓಡಿಸುತ್ತದೆ. ಎದುರಿಗೆ ಬಂದ ಪ್ರತಿಯೊಬ್ಬರೂ “ಹೌ ಆರ್ ಯೂ” ಅನ್ನುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಇವತ್ತು ಹಿಂದಿನಿಂದ ಕೂಗಿ “ಆರಾಮ ಅದೀನ್ರಿ” ಅಂದೆ. ಒಬ್ಬ ತಾತ ತಿರುಗಿ ಟೋಪಿ ಎತ್ತಿದ.

ನೀರಿನ ನಡುವೆ ಮರದ ದಿಮ್ಮಿಯ ಮೇಲೆ ಬಿಳಿಯ ದೊಡ್ಡ ಹಕ್ಕಿಗಳು ಮೂರು. ಪೆಲಿಕನ್ನಂತೆ, ಉತ್ತರದಿಂದ ಚಳಿಗಾಲಕ್ಕೆ ಬರುತ್ತವಂತೆ, ಇವು ಮುಂಚೆ ಬಂದವು. ಕೊಕ್ಕಿನ ಕೆಳಗೆ ಚೀಲ ಬೇರೆ. ದೂರದ ಕರೆಂಟು ಕಂಬದ ಮೇಲೆ ಹಸಿರು ಗಿಳಿಗಳು ಗೂಡು ಕಟ್ಟಿಕೊಂಡು ಕಿರುಚಾಡುತ್ತಿದ್ದವು. ಗಿಳಿ! ಟೆಕ್ಸಸ್ಸಿನಲ್ಲಿ! ಯಾರೋ ಸಾಕಿದವು ತಪ್ಪಿಸಿಕೊಂಡು ಇಲ್ಲೇ ಸಂಸಾರ ಹೂಡಿದವಂತೆ, ಫಲಕದಲ್ಲಿ ಬರೆದಿದೆ. ಪ್ರಗತಿ ಇದ್ದಿದ್ದರೆ ಒಂದೊಂದು ಗಿಳಿಗೂ ಒಂದೊಂದು ಹೆಸರಿಟ್ಟು ಅತ್ತೆ ಸೊಸೆ ಜಗಳ ಹಚ್ಚುತ್ತಿದ್ದಳು. ಆ ಕೆಲಸಕ್ಕೆ ಅವಳೇ ಸೈ.

ನೆರಳಿನಲ್ಲಿ ಕೂತು ಚಪಾತಿ, ಶೇಂಗಾ ಹಿಂಡಿ ತಿಂದೆ. ನಾಲ್ಕು ಚಪಾತಿ ಕಟ್ಟಿಕೊಂಡು ಬಂದಿದ್ದೆ. ಎರಡು ಮಾಡುವುದಕ್ಕೆ ಇನ್ನೂ ಕೈ ಹೊಂದಿಲ್ಲ. ಹೊಟ್ಟೆ ತುಂಬಿತು. ಬಿಸಿಲು ಇದೆ, ಗಾಳಿಯೂ ಇದೆ. ಸತ್ಯ ಹೇಳಬೇಕೆಂದರೆ ಬಹಳ ಖುಷಿಯಾಗಿದೆ.

ಅದೇ ದಿನ, ರೈಲಿನಲ್ಲಿ

ಸಿಕ್ಕಿತು!

ಕೆರೆಯ ಆ ಕಡೆ ಹುಲ್ಲಿನ ದಿಬ್ಬದ ಮೇಲೆ ಒಂದು ಮುಳ್ಳಿನ ಗಿಡ. ಎಲೆ ನೋಡಿದ ಕೂಡಲೇ ಬನ್ನಿಯೇ ಅಂದುಕೊಂಡೆ. ಹತ್ತಿರ ಹೋದರೆ ಬನ್ನಿ ಅಲ್ಲ, ನಮ್ಮೂರಿನ ಹೊಲದ ಬದುವಿನಲ್ಲಿ ಬೈಸಿಕೊಳ್ಳುತ್ತಾ ಬೆಳೆಯುವ ಬಳ್ಳಾರಿ ಜಾಲಿಯ ಹಾಗೆ ಕಂಡಿತು. ಫೋನಿನಲ್ಲಿ ಹುಡುಕಿದೆ. ಇದಕ್ಕೆ ಮೆಸ್ಕೀಟ್ ಅನ್ನುತ್ತಾರೆ, ಬಳ್ಳಾರಿ ಜಾಲಿಗೆ ಖಾಸಾ ಬಂಧು. ಇನ್ನೂ ಓದಿದರೆ ನಮ್ಮ ಬನ್ನಿಯೂ ಅದೇ ಕುಲದ್ದಂತೆ! ಜಾಲಿ ನಮ್ಮ ಕಡೆ ಬಂದದ್ದೂ ಈ ಖಂಡದಿಂದಲೇ ಅಂತೆ. ಅಷ್ಟು ಬೈಗುಳ ತಿಂದರೂ ಬೇರು ಬಿಟ್ಟಿದೆ ಪಾಪ.

ಕಿತ್ತುಕೊಳ್ಳಲು ಹೋಗಿ ಬೆರಳಿಗೆ ಮುಳ್ಳು ಚುಚ್ಚಿತು. ಅಲ್ಲೇ ಒಂದು ಮೆಕ್ಸಿಕನ್ ಕುಟುಂಬ ಫೋಟೋ ತೆಗೆಸಿಕೊಳ್ಳುತ್ತಿತ್ತು. ಹುಡುಗಿಗೆ ಹದಿನೈದು ತುಂಬಿದ್ದಕ್ಕೆ ಮದುವೆಯಷ್ಟೇ ದೊಡ್ಡ ಹಬ್ಬ ಮಾಡುತ್ತಾರಂತೆ. ನೇರಳೆ ಬಣ್ಣದ ಗೌನು, ಒಂದು ಕೋಣೆ ತುಂಬುವಷ್ಟು ಅಗಲ. ಅವಳ ಅಜ್ಜಿ ನನ್ನ ಒದ್ದಾಟ ನೋಡಿ ಬಂದು, ಬೈಯುತ್ತಲೇ ನಾಲ್ಕಾರು ರೆಂಬೆ ಮುರಿದು ಕೊಟ್ಟಳು. ಬೈದದ್ದು ಸ್ಪ್ಯಾನಿಷಿನಲ್ಲಿ, ಆದರೆ ಪ್ರತಿ ಮಾತೂ ಅರ್ಥವಾಯಿತು.

ಇದೆಲ್ಲ ಯಾತಕ್ಕೆ ಅಂತ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು. ಇವತ್ತು ನಮ್ಮ ಹಬ್ಬ, ಈ ಎಲೆಯನ್ನು ಬಂಗಾರ ಅಂತ ಒಬ್ಬರಿಗೊಬ್ಬರು ಕೊಡುತ್ತೇವೆ ಅಂದೆ. ಬರೀ ಹೇಳಿದರೆ ಹೇಗೆ? ಅಜ್ಜಿಯ ಕೈಗೂ ಹುಡುಗಿಯ ಕೈಗೂ ಒಂದೊಂದು ಎಳೆ ಎಲೆ ಇಟ್ಟು, “ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ” ಅಂದೆ. ಹುಡುಗಿ ಅದನ್ನೇ ತನ್ನ ಬಾಯಲ್ಲಿ ಹೊರಳಿಸಿ ಹೇಳಲು ಹೋಗಿ ನಕ್ಕಳು. ಅಜ್ಜಿ ನಕ್ಕಳು. ಫೋಟೋದವನು ಕೂಡ “ಬಂಗರಾ, ಬಂಗರಾ” ಅಂತ ಕುಣಿದ. ನಾನೂ ನಕ್ಕೆ. ಎಲೆಯನ್ನು ಹುಡುಗಿ ತನ್ನ ಹೂಗುಚ್ಛದಲ್ಲಿ ಸಿಕ್ಕಿಸಿಕೊಂಡಳು.

ರೈಲಿನಲ್ಲಿ ಕೂತ ಮೇಲೆ ಒಂದು ಯೋಚನೆ ಬಂದು ಕೂತಿದೆ. ಊರಿನಲ್ಲಿ ದಸರಾ ದಿನ ಅಪ್ಪ ಮೊದಲು ಬನ್ನಿ ಕೊಡುತ್ತಿದ್ದದ್ದು ನೆಂಟರಿಗಲ್ಲ, ಮಾತು ಬಿಟ್ಟವರಿಗೆ. ವರ್ಷವೆಲ್ಲ ಬದುವಿನ ಮೇಲೆ ಕಿತ್ತಾಡಿದವರು ಕೂಡ ಅವತ್ತು ಎಲೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಬಂದವರನ್ನು ಒಳಗೆ ಕರೆಯದೆ ಕಳಿಸುವ ಹಾಗಿಲ್ಲ. ಆಯಿಗೆ ಕೊಟ್ಟು ಒಂದೇ ಅಪಾರ್ಟ್‌ಮೆಂಟಿನಲ್ಲಿ ಇರುವವಳಿಗೆ ಕೊಡದಿದ್ದರೆ ಅದು ಹಬ್ಬಕ್ಕೆ ಮಾಡಿದ ಅವಮಾನ. ಶಾಸ್ತ್ರಕ್ಕೆ ಒಂದು ಎಲೆ ಕೊಡುವುದು, ನಾಳೆ ಶಿಫ್ಟ್ ಆಗುವ ವಿಷಯ ಹೇಳುವುದು. ಎರಡಕ್ಕೂ ಸಂಬಂಧವಿಲ್ಲ.

ರವಿವಾರ, ಅಕ್ಟೋಬರ್ 1

ನಿನ್ನೆ ಅಷ್ಟೆಲ್ಲ ಆಯಿತು, ಬರೆಯಲು ಕೈ ನಡೆಯಲಿಲ್ಲ. ಇವತ್ತು ಬೆಳಗ್ಗೆ ಚಹಾ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ನಾನು ಬಂದಾಗ ಪ್ರಗತಿ ಸ್ನಾನಕ್ಕೆ ಹೋಗಿದ್ದಳು. ಎದುರಿಗೆ ಇದ್ದರೆ ಕೈಗೆ ಕೊಡುತ್ತಿದ್ದೆನೋ ಇಲ್ಲವೋ. ಇಲ್ಲದ್ದೇ ಒಳ್ಳೆಯದಾಯಿತು ಅಂತ ಒಂದು ಚೆಂದದ ರೆಂಬೆ ಆರಿಸಿ ಅವಳ ಲ್ಯಾಪ್‌ಟಾಪ್ ಮೇಲೆ, ಹಳದಿ ಹೂವಿನ ಪಕ್ಕದಲ್ಲಿ ಇಟ್ಟು, ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೇರೆ ಕಡೆ ಇಟ್ಟರೆ ಕಾಣುವುದಿಲ್ಲ ಅಂತ ಅಲ್ಲಿಟ್ಟದ್ದು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದದ್ದಲ್ಲ, ಗುದ್ದಿದ್ದು. ತೆರೆದರೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ರೆಂಬೆಯನ್ನು ತುದಿಯಲ್ಲಿ ಹಿಡಿದು ನಿಂತಿದ್ದಾಳೆ. ಕಣ್ಣು ಕೆಂಪು.

“ಏನಿದು? ಪೂಜೆ ಮಾಡಿಟ್ಟಿರೋ ಲ್ಯಾಪ್‌ಟಾಪ್ ಮೇಲೆ ಮುಳ್ಳು ಇಡ್ತೀಯಾ? ವಿಜಯದಶಮಿ ದಿನ? ಮಾತು ಬಿಟ್ಟೆ, ಸುಮ್ನಿದ್ದೆ. ಇಂಗ್ಲಿಷ್ ಶುರು ಮಾಡ್ದೆ, ಸುಮ್ನಿದ್ದೆ. ಈಗ ಮಾಟ ಮಾಡೋಕೆ ಹೊರಟಿದ್ದೀಯಾ?”

ಬಾಯಿಪಾಠ ಮಾಡಿದ ಇಂಗ್ಲಿಷು ಯಾವ ಮೂಲೆಗೆ ಹೋಯಿತೋ. “ಮುಳ್ಳಲ್ಲ ಮಾರಾಯ್ತಿ, ಬಂಗಾರ ಅದು!” ಅಂದುಬಿಟ್ಟೆ.

“ಬಂಗಾರಾನಾ? ಯಾವ ಕಡೆಯಿಂದ ನೋಡಿದ್ರೆ?”

“ಬನ್ನಿ ಅದು. ಬನ್ನಿ ಅಲ್ಲ, ಅದರ ಕಾಕಾನ ಮಗ. ನಮ್ಮ ಕಡೆ ದಸರಾದಾಗ ಎಲ್ಲಾರಿಗೂ ಕೊಡ್ತೀವಿ. ಮಾತು ಬಿಟ್ಟವ್ರಿಗೆ ಮೊದಲ ಕೊಡ್ತೀವಿ. ಕೈಯಾಗ ಇಟ್ಟು, ಬಂಗಾರ ತಗೊಂಡು ಬಂಗಾರದಂಗ ಇರೋಣ ಅನ್ಬೇಕು.”

“ಮತ್ತೆ ಕೈಗೆ ಯಾಕೆ ಕೊಡ್ಲಿಲ್ಲ?”

“ನೀ ಎಲ್ಲಿ ಒಗದಬಿಡ್ತೀಯೋ ಅಂತ ಹೆದರಿಕಿ ಬಂತು.”

ಅವಳು ನನ್ನ ಮಂಚದ ಅಂಚಿಗೆ ಕೂತಳು. ರೆಂಬೆಯನ್ನು ಈಗ ಸರಿಯಾಗಿ ಹಿಡಿದುಕೊಂಡಳು. “ನಮ್ಮಲ್ಲಿ ಬನ್ನಿ ಮರಕ್ಕೆ ಪೂಜೆ ಮಾಡ್ತಾರೆ, ತಾತ ಹೋಗಿ ಬರೋರು. ಹೀಗೆ ಕೈಗೆ ಕೊಡೋದು ನಮ್ಮನೇಲಿ ನಾನು ನೋಡೇ ಇಲ್ಲ ಕಣೇ” ಅಂದಳು. ಆಮೇಲೆ ಮೆಲ್ಲಗೆ, “ನಾನೇನು ಮಾಡ್ದೆ ಅಂತ ಈಗ್ಲಾದ್ರೂ ಹೇಳ್ತೀಯಾ? ಸೀರೆಗೆ ಕಲೆ ಆಗಿದ್ಯೇನೋ ಅಂತ ಡ್ರೈಕ್ಲೀನ್ ಮಾಡಿಸ್ದೆ. ಕುಕ್ಕರ್ ತೊಳೆಯಲ್ಲ ಅಂತ ಕೋಪಾನೋ ಏನೋ ಅಂತ ದಿನಾ ತಿಕ್ಕಿ ತಿಕ್ಕಿ ಕೈ ಸುಲಿದುಹೋಯ್ತು. ಇನ್ನೇನು ತೊಳೀಬೇಕೋ ಗೊತ್ತಾಗ್ಲಿಲ್ಲ.”

ಅವಳಿಗೆ ಗೊತ್ತೇ ಇಲ್ಲ! ಇಷ್ಟು ದಿನ ನಾನು ಸಾರಿದ ಯುದ್ಧ ಯಾವುದಕ್ಕೆ ಅಂತ ಎದುರಿನವಳಿಗೆ ಗೊತ್ತೇ ಇರಲಿಲ್ಲ. ಹೇಳಿದೆ. ಮೊದಲ ವಾರ, ಕಾರ್ಪೆಟ್ಟು, ಅವ್ವ, ದುಪಟ್ಟಾ ಎಲ್ಲ ಹೇಳಿದೆ. ಹೇಳುವಾಗ ಮತ್ತೆ ಅಳು ಬಂತು, ಬಂದರೆ ಬರಲಿ ಅಂತ ಬಿಟ್ಟೆ.

ಅವಳ ಮುಖ ಸಣ್ಣದಾಯಿತು. “ಗೋಡೆ ಆಚೆಯಿಂದ ಮಾತು ಕೇಳ್ತಿತ್ತು, ಅಳು ಕೇಳ್ಸಿರ್ಲಿಲ್ಲ ಕಣೇ. ನೀನು ನಗ್ತಾ ಹೇಳ್ತಿದ್ದೀಯ ಅಂದ್ಕೊಂಡೆ. ನನಗೆ ಇಲ್ಲಿಗೆ ಬಂದ್ಮೇಲೆ ಮೊದಲ್ನೇ ಸಲ ನಗು ಬಂದಿದ್ದೇ ಅವತ್ತು. ಆಮೇಲೆ ದಿನಾ ನಿಮ್ಮಮ್ಮನ ಫೋನ್ ಬರೋ ಹೊತ್ತಿಗೆ ಓದೋದು ನಿಲ್ಲಿಸಿ ಕಾಯ್ತಿದ್ದೆ. ಈಗ ನೀನು ಪಾರ್ಕಿಂಗಿಗೆ ಹೋಗ್ತೀಯ. ಕಿಟಕಿಯಿಂದ ನೋಡ್ತೀನಿ, ಕೈ ಆಡಿಸೋದು ಮಾತ್ರ ಕಾಣುತ್ತೆ.” ಆಮೇಲೆ, “ಆದ್ರೂ ಕೇಳ್ಬೇಕಿತ್ತು. ನಿನ್ನ ಮಾತು, ನಿನ್ನ ಕೇಳ್ದೆ ತಗೊಂಡೆ. ತಪ್ಪಾಯ್ತು.”

ತಪ್ಪಾಯ್ತು ಅನ್ನುವುದನ್ನು ಅಷ್ಟು ನೇರವಾಗಿ ಯಾರೂ ನನಗೆ ಹೇಳಿರಲಿಲ್ಲ. “ತಗೊಂಡವ್ರು ತಿರುಗಿ ಕೊಡಬೇಕು, ಅದೂ ಪದ್ಧತಿ ಐತಿ” ಅಂದೆ. ರೆಂಬೆಯಿಂದ ಒಂದು ಎಲೆ ಕಿತ್ತು ನನ್ನ ಅಂಗೈಯಲ್ಲಿ ಇಟ್ಟು, ತನ್ನ ಮೈಸೂರು ರಾಗದಲ್ಲೇ, “ಬಂಗಾರ ತಗೊಂಡು ಬಂಗಾರದ ಹಾಗೆ ಇರೋಣ” ಅಂದಳು. ನಮ್ಮ ಥರ ಹೇಳಲು ಹೋಗಲಿಲ್ಲ. ಅದು ನನಗೆ ಬಹಳ ಹಿಡಿಸಿತು.

ಅಷ್ಟರಲ್ಲಿ ಶಶಿಕಾಂತ್ ಅಂಕಲ್ ಕೆಳಗೆ ಬಂದು ಹಾರ್ನ್ ಹಾಕಿದರು. “ಹಬ್ಬದ ದಿನ ಒಬ್ಬಾಕೀನ ಏನ್ ತಿಂತಿ, ನಡಿ” ಅಂತ ಅವಳನ್ನೂ ಎಳೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಶಿಫ್ಟ್ ಆಗುವ ವಿಷಯ ಹೇಳಬೇಕು ಅಂದುಕೊಂಡೆ. ಬದಲಿಗೆ ಕೆರೆಯ ಕಥೆ ಹೇಳಿದೆ. ಅವಳು ಗಿಳಿಗಳ ಬಗ್ಗೆ ಕೇಳುತ್ತಿದ್ದಳು.

ಆಯಿ ರೆಂಬೆ ನೋಡಿ ಮೂಗಿನ ಮೇಲೆ ಬೆರಳಿಟ್ಟರು. “ಇದು ಬಳ್ಳಾರಿ ಜಾಲಿ ಅಲ್ಲೇನ ಯವ್ವಾ! ಇದನ್ನ ಕಡದ ಕಡದ ನಮ್ಮ ಮಂದಿ ಸಾಕಾಗ್ಯಾರ, ನೀ ಹುಡುಕ್ಕೊಂಡ ಹೋಗಿ ತಂದೀ!” ಆದರೂ ಬಿಡಲಿಲ್ಲ. ದೇವರ ಮುಂದೆ ಇಟ್ಟು, ಮೊಮ್ಮಕ್ಕಳ ಕೈಗೆಲ್ಲ ಕೊಟ್ಟರು. ಪ್ರಗತಿಯನ್ನು ಗುರುತು ಹಿಡಿದು ಗಲ್ಲ ಸವರಿ, ಹೋಳಿಗೆಗೆ ಮೇಲೆ ಮೇಲೆ ತುಪ್ಪ ಸುರಿದರು. ಅವಳು ನಾಚಿಕೊಂಡು ನನ್ನ ಮುಖ ನೋಡಿದಳು. ತಿನ್ನು ಅಂತ ಸನ್ನೆ ಮಾಡಿದೆ.

ಊಟವಾಗುತ್ತಿದ್ದ ಹಾಗೆ ಆಂಟಿ, “ಬಾ ವೈಷ್ಣವಿ, ನಿನ್ನ ರೂಮಿಗೆ ಹೊಸ ಕರ್ಟನ್ ಹಾಕೀನಿ, ನೋಡು. ಯಾವಾಗ ಶಿಫ್ಟ್ ಆಗ್ತಿ?” ಅಂದರು. ಕೈಯಲ್ಲಿ ನೀರಿನ ಲೋಟ ಹಿಡಿದಿದ್ದ ಪ್ರಗತಿ ಹಾಗೇ ನಿಂತಳು. ನನ್ನನ್ನು ನೋಡಲಿಲ್ಲ. ಆಂಟಿಯ ಹಿಂದೆ ನಮ್ಮ ಜೊತೆ ಮಹಡಿ ಹತ್ತಿದಳು.

ಕೋಣೆ ನಿಜಕ್ಕೂ ಚೆನ್ನಾಗಿತ್ತು. ಎರಡು ಕಿಟಕಿ, ಓದಲು ಮೇಜು, ಬೇರೆ ಬಾತ್‌ರೂಮು. ಪ್ರಗತಿ ಕಪಾಟು ತೆರೆದಳು, ಮುಚ್ಚಿದಳು. ಪರದೆ ಮುಟ್ಟಿ ನೋಡಿದಳು. “ಚೆನ್ನಾಗಿದೆ. ಬೆಳಕು ಬರುತ್ತೆ” ಅಂದಳು. ಆಮೇಲೆ ಕಿಟಕಿಯ ಕಡೆಗೇ ಮುಖ ಮಾಡಿ, “ನನ್ನ ಬಗ್ಗೆ ಯೋಚಿಸ್ಬೇಡ. ಯಾರಾದ್ರೂ ಸಿಗ್ತಾರೆ. ಇಂಥ ರೂಮ್ ಬಿಡ್ಬಾರ್ದು” ಅಂದಳು. ದನಿ ಗಟ್ಟಿಯಾಗಿಯೇ ಇತ್ತು. ಆದರೆ ಬೆರಳು ಪರದೆಯ ಅಂಚನ್ನು ಮಡಿಸುತ್ತಿತ್ತು, ಬಿಡಿಸುತ್ತಿತ್ತು.

ನಾನು ಇವಳನ್ನು ಬಿಟ್ಟು ಹೋಗಲು ದಿನಾ ಹೊಸೆದ ಕಾರಣಗಳೆಲ್ಲ ಇದ್ದವು, ಒಂದೂ ಕೈಗೆ ಸಿಗಲಿಲ್ಲ.

“ಆಂಟಿ, ರೂಮು ಭಾಳ ಚಲೋ ಐತ್ರಿ. ಆದ್ರ ನನಗ ಬ್ಯಾಡ್ರಿ” ಅಂದೆ.

“ಯಾಕವಾ? ಏನರ ಕಡಿಮಿ ಆತೇನು?”

“ಕಡಿಮಿ ಏನಿಲ್ರಿ. ಇಲ್ಲಿ ನೀವೆಲ್ಲಾರೂ ಭಾಳ ಚಲೋ ಅದೀರಿ. ಅಲ್ಲೆ ನನಗ ಜಗಳಾ ಆಡಾಕ ಒಬ್ಬಾಕಿ ಅದಾಳ್ರಿ.”

ಆಂಟಿಗೆ ಅರ್ಥವಾಗಲಿಲ್ಲ, ಕರ್ಟನ್ ಬಣ್ಣ ಬದಲಾಯಿಸಲೇ ಅಂದರು. ಕೆಳಗಿನಿಂದ ಆಯಿ ಮಾತ್ರ ಕೇಳಿಸಿಕೊಂಡು, “ಬಿಡವಾ ಅಕಿನ್ನ, ಬಂದು ಹೋಗಿ ಮಾಡ್ಲಿ, ಇಬ್ರೂ ಬರ್ಲಿ” ಅಂತ ಕೂಗಿದರು. ಪ್ರಗತಿ ಆಗಲೂ ತಿರುಗಲಿಲ್ಲ. ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹಿಂದಿನಿಂದ ಗೊತ್ತಾಗುವಂತಿರಲಿಲ್ಲ. ಈ ಸಲ ಮುಂದೆ ಹೋಗಿ ನೋಡಿದೆ. ಎರಡೂ ಮಾಡುತ್ತಿದ್ದಳು.

ಬುಧವಾರ, ಅಕ್ಟೋಬರ್ 4. ಲೈಬ್ರರಿ

ಬೆಳಗ್ಗೆ ಪ್ರಗತಿ ಜೊತೆ ಜಗಳ. ಹುಳಿಗೆ ಬೆಲ್ಲ ಹಾಕಿದಳು. ಬೆಲ್ಲ ಹಾಕಿದ್ದು ಹುಳಿ ಅಲ್ಲ, ಪಾಯಸ ಅಂದೆ. ನಿಮ್ಮ ಖಾರಕ್ಕೆ ಫೈರ್ ಇಂಜಿನ್ ಕರೀಬೇಕು ಅಂದಳು. ನಾನು ಒಳ್ಳೆಯ ಉತ್ತರ ಕೊಡುವಷ್ಟರಲ್ಲಿ ಬಸ್ಸು ಬಂತು. ಉತ್ತರ ಈಗ ಹೊಳೆದಿದೆ, ಬಹಳ ಚೆನ್ನಾಗಿದೆ, ಇಲ್ಲಿ ಬರೆದು ಹಾಳು ಮಾಡುವುದಿಲ್ಲ.

ಕ್ಲಾಸು ಮುಗಿಯಿತು. ಬೇಗ ಮನೆಗೆ ಹೋಗಬೇಕು, ಜಗಳ ಅರ್ಧಕ್ಕೇ ನಿಂತಿದೆ.